ಕಡತವೂ ತನ್ನ ಮನೆ ಸೇರಬೇಕು

ಸಾರ್ವಜನಿಕ ಹಣಕ್ಕೆ ಹೊಣೆಯಾದವರ ತಪ್ಪುಗಳು ಎರಡು ಬಗೆಯವು. ಮನಸ್ಸು ಕೆಟ್ಟು ಮಾಡಿದವು ಕೆಲವು. ಎಚ್ಚರ ತಪ್ಪಿ ಆದವು ಹಲವು. ಮೊದಲನೆಯದನ್ನು ಸಮಾಜವು ಬೇಗ ಗುರುತಿಸಿ ಖಂಡಿಸುತ್ತದೆ. ಎರಡನೆಯದು ಯಾವುದೋ ಅರ್ಜಿಯ ಚಿಕ್ಕ ಅಂಕಣವೊಂದರಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಕುಳಿತಿರುತ್ತದೆ. ಹಿರಿಯರು ಇದಕ್ಕೆ ಪ್ರಮಾದವೆಂದು ಹೆಸರಿಟ್ಟು, ಇದನ್ನೂ ದೋಷಗಳ ಲೆಕ್ಕಕ್ಕೇ ಸೇರಿಸಿದರು. ಆದಾಯ ತೆರಿಗೆ ಇಲಾಖೆಯ ಕಾಯಂ ಖಾತೆ ಸಂಖ್ಯೆ, ಅಂದರೆ ಎಲ್ಲರ ಬಾಯಲ್ಲಿರುವ 'ಪ್ಯಾನ್', ಇಂತಹ ಪ್ರಮಾದಕ್ಕೆ ಆಗಾಗ ಎಡೆಗೊಡುವ ವಿಷಯವಾಗಿದೆ.

ಪ್ಯಾನ್‌ನಲ್ಲಿ ಮೊದಲು 5 ಅಕ್ಷರ, ಬಳಿಕ 4 ಅಂಕೆ, ಕೊನೆಗೆ 1 ಅಕ್ಷರ ಇರುತ್ತವೆ. ನಾಲ್ಕನೆಯ ಅಕ್ಷರವು ಖಾತೆದಾರರ ಸ್ವರೂಪವನ್ನು ಹೇಳುತ್ತದೆ: 'ಪಿ' ಎಂದರೆ ವ್ಯಕ್ತಿ, 'ಎಚ್' ಎಂದರೆ ಹಿಂದೂ ಅವಿಭಕ್ತ ಕುಟುಂಬ, 'ಟಿ' ಎಂದರೆ ಟ್ರಸ್ಟು. ಕಾರ್ಡಿನ ಮೇಲೆ ಕಾಣದ ಇನ್ನೊಂದು ಗುರುತೂ ಈ ಸಂಖ್ಯೆಯ ಹಿಂದೆ ಇರುತ್ತದೆ. ಅದು ತೆರಿಗೆ ನಿರ್ಧಾರಣಾಧಿಕಾರಿಯ ಸಂಕೇತ, ವಾಡಿಕೆಯಲ್ಲಿ ಎ.ಒ. ಕೋಡ್. ಪ್ರದೇಶ, ಅಧಿಕಾರಿಯ ಬಗೆ, ರೇಂಜ್, ಅಧಿಕಾರಿಯ ಸಂಖ್ಯೆ ಎಂಬ ನಾಲ್ಕು ಭಾಗಗಳ ಈ ಸಂಕೇತವು, ಆ ಖಾತೆಯ ಕಡತ ಯಾರ ಮೇಜಿಗೆ ಸೇರಬೇಕೆಂಬುದನ್ನು ತಿಳಿಸುತ್ತದೆ. ಇದು ತಪ್ಪಿದರೆ ಅಧಿಕಾರವ್ಯಾಪ್ತಿಯೇ ತಪ್ಪುತ್ತದೆ.

ಬಸದಿಗಳ ಟ್ರಸ್ಟುಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ವಿನಾಯಿತಿ ಪಡೆದ ಧಾರ್ಮಿಕ ಹಾಗೂ ಧರ್ಮಾರ್ಥ ಸಂಸ್ಥೆಗಳ ಕಡತಗಳನ್ನು ನೋಡುವುದು ಸಾಮಾನ್ಯ ವಾರ್ಡಿನ ಅಧಿಕಾರಿಯಲ್ಲ, ವಿನಾಯಿತಿ ವಿಭಾಗದ ಅಧಿಕಾರಿ. 2014ರಲ್ಲಿ ಇಲಾಖೆಯ ಪುನರ್ರಚನೆಯಾದಾಗ ಇದಕ್ಕೆಂದೇ ವಿನಾಯಿತಿ ಆಯುಕ್ತರ ಹುದ್ದೆಗಳು ಏರ್ಪಟ್ಟವು. ಬೆಂಗಳೂರಿನಲ್ಲಿಯೂ ಅಂತಹ ಆಯುಕ್ತರ ಕಚೇರಿಯಿದೆ. ಅರ್ಜಿ ತುಂಬುವವನಿಗೆ ಈ ಭೇದ ತಿಳಿಯದಿದ್ದರೆ ಬಸದಿಯ ಕಡತವು ಅಂಗಡಿಗಳ ಕಡತಗಳ ನಡುವೆ ಹೋಗಿ ಸೇರುತ್ತದೆ.

ಬೆಳಗಾವಿ ಜಿಲ್ಲೆಯ ಒಂದು ಊರಿನ ಬಸದಿಯ ಟ್ರಸ್ಟಿಗೆ ಆದದ್ದು ಇದೇ. 2016ರಲ್ಲಿ ಪ್ಯಾನ್‌ಗೆ ಅರ್ಜಿ ಹಾಕುವಾಗ ಅಂದಿನ ಕಾರ್ಯದರ್ಶಿಗಳು ತಾಲ್ಲೂಕಿನ ಏಜೆಂಟನೊಬ್ಬನನ್ನು ನಂಬಿ ಸಹಿ ಮಾಡಿಕೊಟ್ಟರು. ಊರಿನ ವ್ಯಾಪಾರಸ್ಥರ ಅರ್ಜಿಗಳಿಗೆ ಬರೆಯುತ್ತಿದ್ದ ವಾರ್ಡಿನ ಸಂಕೇತವನ್ನೇ ಅವನು ರೂಢಿಯಂತೆ ಇದಕ್ಕೂ ಬರೆದನು. ಆರು ವರ್ಷ ಯಾರಿಗೂ ಏನೂ ತೋಚಲಿಲ್ಲ. ವಿವರಣ ಪತ್ರಗಳು ಗಣಕಯಂತ್ರದ ಮೂಲಕ ನೇರವಾಗಿ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ ಹೋಗುತ್ತಿದ್ದುದರಿಂದ ಕಡತ ಯಾರ ಬಳಿಯಿದೆಯೆಂದು ಕೇಳುವ ಪ್ರಸಂಗವೇ ಬರಲಿಲ್ಲ.

ಪ್ರಸಂಗ ಬಂದುದು 2022ರಲ್ಲಿ. ವಿನಾಯಿತಿಯನ್ನು ಪರಿಗಣಿಸದೆ ತೆರಿಗೆ ಲೆಕ್ಕ ಹಾಕಿದ ಬೇಡಿಕೆ ಸೂಚನೆಯೊಂದು ಟ್ರಸ್ಟಿಗೆ ತಲುಪಿತು. ಮೊತ್ತವು ಬಸದಿಯ ಒಂದು ವರ್ಷದ ನಿತ್ಯಪೂಜೆಯ ಖರ್ಚಿಗಿಂತ ಹೆಚ್ಚಾಗಿತ್ತು. 30 ದಿನದೊಳಗೆ ಕಟ್ಟದಿದ್ದರೆ ತಿಂಗಳಿಗೆ ಶೇ. 1ರಂತೆ ಬಡ್ಡಿ. ತಿದ್ದುಪಡಿಯ ಕೋರಿಕೆಯನ್ನು ಕೇಂದ್ರವು ವ್ಯಾಪ್ತಿಯ ಅಧಿಕಾರಿಗೆ ಕಳಿಸಿತು. ವಾರ್ಡಿನ ಕಚೇರಿಯಲ್ಲಿ, "ಟ್ರಸ್ಟುಗಳ ವಿಷಯ ನಮ್ಮದಲ್ಲ" ಎಂದರು. ವಿನಾಯಿತಿ ವಿಭಾಗದಲ್ಲಿ, "ಈ ಪ್ಯಾನ್ ನಮ್ಮಲ್ಲಿ ಇಲ್ಲ" ಎಂದರು. ಇಬ್ಬರು ಹೇಳಿದ್ದೂ ನಿಜವೇ ಆಗಿತ್ತು. ಎರಡು ನಿಜಗಳ ನಡುವೆ ಬಸದಿಯ ಹಣ ಸಿಲುಕಿಕೊಂಡಿತು.

ಧರ್ಮದರ್ಶಿಗಳು ಸಭೆ ಸೇರಿದರು. ಸರಿಯಾದ ಸಂಕೇತ ಬರೆದು ಹೊಸ ಪ್ಯಾನ್ ಒಂದನ್ನು ತೆಗೆಸಿಬಿಡುವುದು ಸುಲಭವೆಂದು ಒಬ್ಬರು ಸೂಚಿಸಿದರು. ಖಜಾಂಚಿಗಳ ಅಣ್ಣನ ಮಗ ಲೆಕ್ಕಪರಿಶೋಧಕ. ಅವನು ಕೂಡಲೇ ತಡೆದನು. "ಕಾಕಾ, ಒಬ್ಬ ಖಾತೆದಾರರಿಗೆ ಒಂದೇ ಪ್ಯಾನ್. ಇರುವಾಗಲೇ ಇನ್ನೊಂದಕ್ಕೆ ಅರ್ಜಿ ಹಾಕುವುದು 1961ರ ಕಾಯಿದೆಗೆ ವಿರುದ್ಧ, 10,000 ರೂಪಾಯಿ ದಂಡವಿದೆ. ಸಂಕೇತ ಬದಲಾಗಬೇಕೇ ಹೊರತು ಸಂಖ್ಯೆಯಲ್ಲ." ಆಗ ಇನ್ನೊಬ್ಬರು, ಇಲಾಖೆಯ ಗಣಕಯಂತ್ರವೇ ತಪ್ಪು ಸಂಕೇತ ಹಾಕಿದೆಯೆಂದು ಬರೆಯೋಣವೆಂದರು. ಹಾಗೆ ಬರೆದರೆ ಹಳೆಯ ಅರ್ಜಿಯನ್ನು ಯಾರೂ ತೆಗೆದು ನೋಡಲಾರರೆಂದು ಲೆಕ್ಕಪರಿಶೋಧಕನೂ ಅರೆಮನಸ್ಸಿನಿಂದ ಒಪ್ಪಿದನು.

ಆದರೆ ಖಜಾಂಚಿಗಳು ಬಸದಿಯ ಪೆಟ್ಟಿಗೆಯಿಂದ ಆ ಅರ್ಜಿಯ ಪ್ರತಿಯನ್ನು ತೆಗೆಸಿ ನೋಡಿದ್ದರು. ಸಂಕೇತದ ಅಂಕಣ ಏಜೆಂಟನ ಕೈಬರಹದಲ್ಲಿತ್ತು. ಕೆಳಗೆ ಕಾರ್ಯದರ್ಶಿಗಳ ಸಹಿ. "ತಮ್ಮಾ, ಸಹಿ ನಮ್ಮದಾದರೆ ಸಹಿಯ ಮೇಲಿನ ಬರಹವೂ ನಮ್ಮದೇ. ಒಂದು ತಪ್ಪನ್ನು ತಿದ್ದಲು ಹೋಗಿ ಸುಳ್ಳೊಂದನ್ನು ಕಡತಕ್ಕೆ ಸೇರಿಸುವುದು ಬೇಡ" ಎಂದರು.

ಸಭೆ ಮೌನವಾಯಿತು. ಕಾರ್ಯದರ್ಶಿಗಳು ಆ ವೇಳೆಗೆ ತೀರಿಕೊಂಡಿದ್ದರು. ಅವರ ಮಗ ಧರ್ಮದರ್ಶಿಯಾಗಿ ಅಲ್ಲಿಯೇ ಕುಳಿತಿದ್ದರು. "ಪತ್ರದಲ್ಲಿ ನಮ್ಮ ಅಪ್ಪಾಜಿಯವರ ಹೆಸರು ಬರುತ್ತದೆಯೇ?" ಎಂದು ಅವರು ಮೆಲ್ಲನೆ ಕೇಳಿದರು. "ಟ್ರಸ್ಟಿನ ಹೆಸರು ಬರುತ್ತದೆ. ಅಂದು ಓದದೆ ಠರಾವಿಗೆ ಕೈಯೆತ್ತಿದವರು ನಾವೆಲ್ಲರೂ ಅಲ್ಲವೇ?" ಎಂದು ಖಜಾಂಚಿಗಳು ಉತ್ತರಿಸಿದರು. ಅರ್ಜಿ ತುಂಬುವಾಗ ಟ್ರಸ್ಟಿನ ಕಡೆಯಿಂದ ಅಜಾಗರೂಕತೆಯಿಂದ ಬೇರೆ ಸಂಕೇತ ನಮೂದಾಗಿದೆ ಎಂಬ ಒಂದೇ ವಾಕ್ಯ ಪತ್ರದಲ್ಲಿ ಬಂತು. ಸತ್ಯವೂ ಉಳಿಯಿತು, ತೀರಿಕೊಂಡವರ ಮಾನವೂ ಉಳಿಯಿತು.

ಪತ್ರವನ್ನು ಕಡತವಿದ್ದ ವಾರ್ಡಿನ ಅಧಿಕಾರಿಗೆ ಬರೆದು, ಪ್ರತಿಯನ್ನು ವಿನಾಯಿತಿ ವಿಭಾಗದ ಅಧಿಕಾರಿಗೆ ಕೊಟ್ಟರು. ಪ್ಯಾನ್ ಕಾರ್ಡು, ಟ್ರಸ್ಟಿನ ದಸ್ತಾವೇಜು, ವಿನಾಯಿತಿಯ ನೋಂದಣಿ ಆದೇಶ, ವಿಳಾಸದ ಪುರಾವೆಗಳ ನಕಲುಗಳನ್ನು ಲಗತ್ತಿಸಿದರು. ಬಾಕಿಯಿದ್ದ ಬೇಡಿಕೆಯನ್ನೂ ಮರೆಮಾಚದೆ ತಿಳಿಸಿದರು. ಸ್ವೀಕೃತಿಯ ಮೊಹರು ಹಾಕಿಸಿಕೊಂಡರು. ಕಡತವು ಒಬ್ಬ ಆಯುಕ್ತರ ವ್ಯಾಪ್ತಿಯಿಂದ ಇನ್ನೊಬ್ಬರ ವ್ಯಾಪ್ತಿಗೆ ಹೋಗಬೇಕಾದಾಗ ಮೇಲಿನವರ ಒಪ್ಪಿಗೆ ಬೇಕಾಗುವುದರಿಂದ ಇದು ಒಂದೆರಡು ದಿನದ ಕೆಲಸವಲ್ಲ. ಎರಡು ನೆನಪೋಲೆಗಳನ್ನು ಬರೆದ ಮೇಲೆ, ಏಳನೆಯ ತಿಂಗಳಲ್ಲಿ ಸಂಕೇತ ಬದಲಾಯಿತು. ಪ್ಯಾನ್ ಸಂಖ್ಯೆ ಇದ್ದಂತೆಯೇ ಉಳಿಯಿತು. ಆ ನಡುವೆ ವಿವರಣ ಪತ್ರ ಸಲ್ಲಿಸುವುದನ್ನು ಟ್ರಸ್ಟು ನಿಲ್ಲಿಸಲಿಲ್ಲ. ವಿನಾಯಿತಿ ವಿಭಾಗದ ಅಧಿಕಾರಿ ದಾಖಲೆ ನೋಡಿ ಆದೇಶವನ್ನು ತಿದ್ದಿದ ಮೇಲೆ ಬೇಡಿಕೆಯೂ ಅದರ ಬಡ್ಡಿಯೂ ಇಲ್ಲವಾದವು.

ಇಂತಹ ತಪ್ಪನ್ನು ತಿದ್ದದೆ ಗುರಾಣಿಯಾಗಿ ಇಟ್ಟುಕೊಳ್ಳುವ ಚಪಲವೂ ಕೆಲವರಿಗೆ ಬರುತ್ತದೆ. ನೋಟೀಸು ಬಂದಾಗ ಸುಮ್ಮನಿದ್ದು, ಆದೇಶ ಪ್ರತಿಕೂಲವಾದರೆ "ಈ ಅಧಿಕಾರಿಗೆ ವ್ಯಾಪ್ತಿಯೇ ಇರಲಿಲ್ಲ" ಎನ್ನುವ ಉಪಾಯವಿದು. ಕಾನೂನು ಇದಕ್ಕೆ ಅಷ್ಟಾಗಿ ಎಡೆಕೊಟ್ಟಿಲ್ಲ. 1961ರ ಕಾಯಿದೆಯ 124ನೆಯ ಕಲಮಿನಂತೆ, ವಿವರಣ ಪತ್ರ ಸಲ್ಲಿಸಿದವರು ವಿಚಾರಣೆಯ ನೋಟೀಸು ತಲುಪಿದ ಒಂದು ತಿಂಗಳೊಳಗೆ, ಅದಕ್ಕೂ ಮೊದಲೇ ತೆರಿಗೆ ನಿರ್ಧಾರಣೆ ಮುಗಿದರೆ ಅಷ್ಟರೊಳಗೆ, ವ್ಯಾಪ್ತಿಯ ಆಕ್ಷೇಪವನ್ನು ಎತ್ತಬೇಕು. 2025ರಲ್ಲಿ ಸಂಸತ್ತು ಹೊಸ ಆದಾಯ ತೆರಿಗೆ ಕಾಯಿದೆಯನ್ನು ಅಂಗೀಕರಿಸಿ, 2026ರ ಏಪ್ರಿಲ್ 1ನ್ನು ಅದರ ಜಾರಿಯ ದಿನವೆಂದು ಗೊತ್ತುಮಾಡಿತು. ಕಲಮುಗಳ ಸಂಖ್ಯೆ ಬದಲಾಗಬಹುದು. ತಿಳಿದೂ ಸುಮ್ಮನಿರುವುದು ಪ್ರಾಮಾಣಿಕತೆಯಲ್ಲ ಎಂಬುದು ಬದಲಾಗದು. ಸುಳ್ಳು ಬರಹವನ್ನು ಸತ್ಯಾಣುವ್ರತಕ್ಕೂ, ರಾಜ್ಯದ ಕಟ್ಟಳೆ ಮೀರುವುದನ್ನು ಅಚೌರ್ಯಾಣುವ್ರತಕ್ಕೂ ಅತಿಚಾರಗಳೆಂದು ಆಚಾರ್ಯರು ಎಣಿಸಿದುದು ಗೃಹಸ್ಥರ ನಿತ್ಯ ವ್ಯವಹಾರವನ್ನು ಅರಿತೇ.

ಆದುದರಿಂದ ಪ್ರತಿಯೊಂದು ಟ್ರಸ್ಟೂ ವಾರ್ಷಿಕ ಲೆಕ್ಕ ಮಂಡಿಸುವ ಸಭೆಗೆ ಮೊದಲು ಇಲಾಖೆಯ ಜಾಲತಾಣದಲ್ಲಿ ತನ್ನ ಪ್ಯಾನ್‌ನ ವ್ಯಾಪ್ತಿಯನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಊರು ಬಿಟ್ಟು ಊರಿಗೆ ನೆಲೆಸಿದ ಕುಟುಂಬಗಳೂ ಹೀಗೆಯೇ ಮಾಡಬೇಕು. ವಿಳಾಸ ಬದಲಿಸಿದ ಮಾತ್ರಕ್ಕೆ ಕಡತ ತಾನಾಗಿ ಹಿಂದೆ ಬರುತ್ತದೆಂದು ನಂಬಿ ಕೂರಬಾರದು. ಅರ್ಜಿಯನ್ನು ಯಾರಿಂದಲೇ ಬರೆಸಲಿ, ಸಹಿ ಹಾಕುವ ಮೊದಲು ಪ್ರತಿ ಅಂಕಣವನ್ನೂ ಓದಬೇಕು, ತಿಳಿಯದ ಅಂಕಣದ ಅರ್ಥವನ್ನು ಕೇಳಬೇಕು. ಸಮಾಜವು ನಂಬಿ ಒಪ್ಪಿಸಿದ ಹಣದ ಕಾವಲು ಆರಂಭವಾಗುವುದು ಹುಂಡಿಯ ಬೀಗದಿಂದಲ್ಲ, ಸಹಿಗೆ ಮುಂಚಿನ ಆ ಓದಿನಿಂದ.