ಅಕ್ಕಿಯ ಹಾಳೆ, ಶೇಂಗಾದ ರಸ

ಅಕ್ಕಿಯಿಂದ ಏನೇನು ಮಾಡಬಹುದೆಂಬುದನ್ನು ಕನ್ನಡಿಗರಿಗೆ ಯಾರೂ ಕಲಿಸಬೇಕಾಗಿಲ್ಲ. ಕರಾವಳಿಯಲ್ಲಿ ನೀರುದೋಸೆಯಿದೆ, ಕೊಡಗಿನಲ್ಲಿ ನೂಪುಟ್ಟಿದೆ. ಶಿರಸಿ, ಸಿದ್ದಾಪುರ, ಸಾಗರದ ಕಡೆಯ ತೊಡದೇವಂತೂ ತಿನ್ನುವ ಕಾಗದವೇ ಸರಿ. ಬೋರಲು ಹಾಕಿದ ಬಿಸಿ ಮಡಕೆಯ ಮೇಲೆ ಕಬ್ಬಿನ ಹಾಲು ಬೆರೆಸಿದ ತೆಳ್ಳನೆಯ ಅಕ್ಕಿ ಹಿಟ್ಟನ್ನು ಬಟ್ಟೆಯಿಂದ ತೊಡೆದು, ಹಾಳೆಯಂತೆ ಎಬ್ಬಿಸಿ ಮಡಚುತ್ತಾರೆ. ಅದನ್ನು ತಿಂದು ಬೆಳೆದ ನನಗೆ ಟೆಕ್ಸಾಸಿನಲ್ಲಿ ಕಾಂಬೋಡಿಯದವರ ಅಕ್ಕಿ ಹಾಳೆಯ ಸುರುಳಿ ಅಪರಿಚಿತವೆನಿಸಲಿಲ್ಲ.

ಆ ಹಾಳೆಯ ಕಥೆಯೂ ಹೆಚ್ಚು ಭಿನ್ನವಲ್ಲ. ಕುದಿಯುವ ನೀರಿನ ಪಾತ್ರೆಯ ಬಾಯಿಗೆ ಬಟ್ಟೆ ಬಿಗಿದು, ಅದರ ಮೇಲೆ ಹಿಟ್ಟು ಹರಡಿ, ಹಬೆಯಲ್ಲಿ ಬೇಯಿಸಿ, ಬಿದಿರಿನ ತಟ್ಟಿಯ ಮೇಲೆ ಬಿಸಿಲಿಗೆ ಒಣಗಿಸುತ್ತಾರೆ. ಕಾಂಬೋಡಿಯದ ಬಟ್ಟಂಬಾಂಗ್ ಪ್ರಾಂತದ ಹಳ್ಳಿಗಳಲ್ಲಿ ಇದು ಇಂದಿಗೂ ಮನೆಮನೆಯ ಕಸುಬು. ಹಾಳೆಯ ಮೇಲೆ ಕಾಣುವ ಹೆಣಿಗೆಯ ಗುರುತು ಆ ಬಿದಿರಿನದು.

ಪಿಯರ್‌ಲ್ಯಾಂಡಿನ ಮೀನಾಕ್ಷಿ ದೇವಸ್ಥಾನಕ್ಕೆ ನಮ್ಮಲ್ಲಿ ಅನೇಕರು ಹೋಗಿಬರುತ್ತೇವೆ. ಅಲ್ಲಿಂದ ಇನ್ನೂ ದಕ್ಷಿಣಕ್ಕೆ ಹೋದರೆ ರೋಶರಾನ್ ಸಿಗುತ್ತದೆ. ಅಲ್ಲಿನ ಕಾಂಬೋಡಿಯದ ಕುಟುಂಬಗಳು ಹಸಿರುಮನೆಗಳಲ್ಲಿ ತ್ರಕೂನ್ ಎಂಬ ನೀರಿನ ಸೊಪ್ಪನ್ನು ಬೆಳೆಯುತ್ತವೆ. ಕೆರೆ, ಹೊಳೆಗಳಲ್ಲಿ ಹಬ್ಬಿಬಿಡುವ ಸಸ್ಯವಾದುದರಿಂದ ಅದನ್ನು ಬೆಳೆದು ಮಾರಲು ಸರ್ಕಾರದ ಪರವಾನಗಿ ಬೇಕು. 1975ರಿಂದ 1979ರವರೆಗಿನ ಖ್ಮೇರ್ ರೂಜ್ ಆಳ್ವಿಕೆಯಲ್ಲಿ ಹದಿನೈದು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಬದುಕುಳಿದು ಹೊರಟವರಲ್ಲಿ ಕೆಲವರು ಹ್ಯೂಸ್ಟನ್ನಿಗೂ ಪೂರ್ವ ಡಲ್ಲಾಸಿಗೂ ನಿರಾಶ್ರಿತರಾಗಿ ಬಂದರು. ನಾವು ಹುಳಿಪುಡಿ, ಹಪ್ಪಳ, ಉಪ್ಪಿನಕಾಯಿಗಳನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಬಂದವರು; ಅವರು ರುಚಿಯನ್ನು ನಾಲಿಗೆಯ ನೆನಪಿನಲ್ಲಿ ಮಾತ್ರ ಹೊತ್ತು ತಂದವರು.

ಆ ನೆನಪು ಉಳಿದಿರುವುದು ವಿಶೇಷವಾಗಿ ಅದ್ದಿ ತಿನ್ನುವ ರಸದಲ್ಲಿ. ಇಲ್ಲಿನ ವಿಯೆಟ್ನಾಂ ಹೋಟೆಲುಗಳಲ್ಲಿ ಸುರುಳಿಯ ಜೊತೆ ಸಾಮಾನ್ಯವಾಗಿ ಶೇಂಗಾದ ಗಟ್ಟಿ ಗೊಜ್ಜು ಕೊಡುತ್ತಾರೆ. ಕಾಂಬೋಡಿಯದವರ ‘ತುಕ್ ತ್ರೇ’ ತಿಳಿಯಾದುದು. ಮೀನಿನ ಸಾರಕ್ಕೆ ನೀರು, ಸಕ್ಕರೆ, ನಿಂಬೆ, ಬೆಳ್ಳುಳ್ಳಿ, ಮೆಣಸಿನಕಾಯಿ ಬೆರೆಸಿ, ಸುರುಳಿಗೆಂದಾದರೆ ಮೇಲೆ ಕುಟ್ಟಿದ ಶೇಂಗಾ ಉದುರಿಸುತ್ತಾರೆ. ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು. ಒಳಗೆ ಬರಿಯ ಸೊಪ್ಪಿದ್ದರೂ ರಸದಲ್ಲಿ ಮೀನಿರುತ್ತದೆ.

ನಮ್ಮ ಮನೆಯಲ್ಲಿ ಮೀನಿನ ಸಾರವಿಲ್ಲದೆ ಮಾಡುವ ಕ್ರಮ ಇದು: ಅರ್ಧ ಕಪ್ ಬಿಸಿನೀರಿಗೆ ಮೂರು ಚಮಚ ಬೆಲ್ಲ, ಮೂರು ಚಮಚ ನಿಂಬೆರಸ, ಉಪ್ಪು, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಒಂದು ಹಸಿಮೆಣಸಿನಕಾಯಿ. ಹುರಿದು ತರಿತರಿಯಾಗಿ ಕುಟ್ಟಿದ ಶೇಂಗಾವನ್ನು ಬಡಿಸುವಾಗ ಸೇರಿಸಬೇಕು. ಸಂಘದ ಊಟಕ್ಕೆ ಒಯ್ಯುವಾಗ ಮಾತ್ರ ಶೇಂಗಾವನ್ನು ಬೇರೆ ಬಟ್ಟಲಿನಲ್ಲಿಡುವುದು ಕ್ಷೇಮ. ಅದು ಒಗ್ಗದ ಮಕ್ಕಳಿರುತ್ತಾರೆ.

ಹಾಳೆಗಳು ಹ್ಯೂಸ್ಟನ್ನಿನ ಬೆಲೇರ್ ಬೀದಿಯಲ್ಲಿ, ಡಲ್ಲಾಸ್ ಬಳಿಯ ಗಾರ್ಲೆಂಡಿನಲ್ಲಿ, ಆಸ್ಟಿನ್ನಿನ ನಾರ್ತ್ ಲಮಾರ್ ರಸ್ತೆಯ ಏಷ್ಯನ್ ಅಂಗಡಿಗಳಲ್ಲಿ ಸಿಗುತ್ತವೆ. ಬೆಚ್ಚಗಿನ ನೀರಿನಲ್ಲಿ ಕೆಲವೇ ಕ್ಷಣ ಅದ್ದಿ, ಇನ್ನೂ ಸ್ವಲ್ಪ ಬಿರುಸಾಗಿರುವಾಗಲೇ ತೆಗೆಯಿರಿ. ತಟ್ಟೆಯಲ್ಲಿ ತಾನಾಗಿ ಮೆತ್ತಗಾಗುತ್ತದೆ. ಪುದೀನ, ಸೌತೆ, ಕ್ಯಾರೆಟ್, ಬೇಯಿಸಿದ ಅಕ್ಕಿ ಶಾವಿಗೆ, ಹುರಿದ ತೋಫು ಇಟ್ಟು ಬಿಗಿಯಾಗಿ ಸುತ್ತಿ, ಒದ್ದೆ ಬಟ್ಟೆ ಮುಚ್ಚಿಡಿ. ಫ್ರಿಜ್ಜಿನಲ್ಲಿಟ್ಟರೆ ಹಾಳೆ ಗಡುಸಾಗುತ್ತದೆ.

ಈ ರಸದ ಹದವನ್ನು ನನಗೆ ಹೇಳಿಕೊಟ್ಟವರು ನೆರೆಮನೆಯ ಕಾಂಬೋಡಿಯದ ಅಜ್ಜಿ. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬಾರದು, ಮೊಮ್ಮಗಳು ಅನುವಾದಿಸುತ್ತಿದ್ದಳು. ಅವಳ ಖ್ಮೇರ್ ತಡವರಿಸುತ್ತಿತ್ತು, ಆದರೆ ಶೇಂಗಾ ಕುಟ್ಟುವ ಕೈ ತಡವರಿಸುತ್ತಿರಲಿಲ್ಲ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ. ಅವರ ಕೈಗೆ ನಾವು ಏನನ್ನು ಕೊಡುತ್ತಿದ್ದೇವೆ? ಊರಿನಿಂದ ಬರುವ ಪೊಟ್ಟಣಗಳು ನಮಗೆ ಸುಲಭವಾಗಿ ಸಿಗುವುದರಿಂದಲೇ ತೊಡದೇವು ತೊಡೆಯಬಲ್ಲ ಕೈಗಳು ನಮ್ಮಲ್ಲಿ ವಿರಳವಾಗುತ್ತಿವೆ. ಪೊಟ್ಟಣದಲ್ಲಿ ತಿಂಡಿ ಬರುತ್ತದೆ, ಹದ ಬರುವುದಿಲ್ಲ. ಅದನ್ನು ಬಲ್ಲ ಅಜ್ಜಿ, ಅಮ್ಮಂದಿರು ಈ ಬೇಸಿಗೆಯಲ್ಲಿ ಊರಿನಿಂದ ಬಂದಾಗ, ಮಕ್ಕಳನ್ನು ಒಮ್ಮೆ ಒಲೆಯ ಬಳಿ ನಿಲ್ಲಿಸೋಣ.