ಎಂಟು ಮರಿಗಳಿಗೆ ಎಂಟು ಮನೆ

ಕನ್ನಡದಲ್ಲಿ ‘ಸಾಕು’ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಪಾಲನೆ ಮಾಡು ಎಂಬುದು ಒಂದು. ಇಷ್ಟಾಯಿತು, ಇನ್ನು ಬೇಡ ಎಂಬುದು ಇನ್ನೊಂದು. ನಾನಾರ್ಥಗಳ ಪಾಠ ಬಂದಾಗಲೆಲ್ಲ ಈ ಶಬ್ದವನ್ನು ನಾವು ಕರಿಹಲಗೆಯ ಮೇಲೆ ಬರೆದು ಮಕ್ಕಳಿಂದ ವಾಕ್ಯ ಮಾಡಿಸುತ್ತಿದ್ದೆವು. ಆದರೆ ಈ ಎರಡು ಅರ್ಥಗಳು ಒಂದಕ್ಕೊಂದು ಬೇಕಾದವು, ಎರಡನೆಯದನ್ನು ತಿಳಿಯದವನು ಮೊದಲನೆಯದನ್ನು ಮಾಡಲಾರ ಎಂಬುದನ್ನು ನಮಗೆ ಮನದಟ್ಟು ಮಾಡಿಕೊಟ್ಟದ್ದು ಅಂಗೈಯಗಲದ ಒಂದು ಪ್ರಾಣಿ.

ನಮ್ಮ ಸಂಘದ ಅನೇಕ ಮನೆಗಳಲ್ಲಿ ಈಗ ಮಕ್ಕಳು ಹ್ಯಾಮ್‌ಸ್ಟರ್ ಬೇಕೆಂದು ಹಟ ಹಿಡಿಯುತ್ತಾರೆ. ನಾಯಿಯಂತೆ ಬೊಗಳುವುದಿಲ್ಲ, ಬೆಕ್ಕಿನಂತೆ ಹಾಲಿಗೆ ಬಾಯಿ ಹಾಕುವುದಿಲ್ಲ, ಬಾಡಿಗೆ ಮನೆಯಲ್ಲಿಯೂ ಇಟ್ಟುಕೊಳ್ಳಬಹುದು ಎಂದು ಹಿರಿಯರೂ ಒಪ್ಪುತ್ತಾರೆ. ಸೊಲ್ಲಾಪುರದ ನಮ್ಮ ಮನೆಗೂ ಒಂದು ಮಾರ್ಗಶಿರ ಮಾಸದಲ್ಲಿ ಅದು ಹೀಗೆಯೇ ಬಂದಿತು. ಮೊಮ್ಮಗಳು ತಂದ ಸಿರಿಯನ್ ಹ್ಯಾಮ್‌ಸ್ಟರಿಗೆ ಗೋದಿಯ ಬಣ್ಣದ ಬೆನ್ನು, ಮಣಿಯಂತಹ ಕಣ್ಣು. ಕೊಟ್ಟ ಕಾಳನ್ನೆಲ್ಲ ಎರಡೂ ಕೆನ್ನೆಯ ಚೀಲಗಳಲ್ಲಿ ತುಂಬಿಕೊಂಡು ಹೋಗಿ ಮೂಲೆಯಲ್ಲಿ ಬಚ್ಚಿಡುವ ಅದರ ಗೃಹಕೃತ್ಯವನ್ನು ನೋಡುವುದೇ ಒಂದು ಸಂತೋಷ. ಅಂಗಡಿಯಲ್ಲಿ ಗಂಡು ಹೆಣ್ಣುಗಳನ್ನೆಲ್ಲ ಒಂದೇ ಪಂಜರದಲ್ಲಿ ಕೂಡಿಹಾಕಿದ್ದರೆಂದು ಮಗು ಹೇಳಿತ್ತು. ಒಂಬತ್ತನೆಯ ದಿನ ಬೆಳಗ್ಗೆ ಗೂಡಿನೊಳಗಿಂದ ಸಣ್ಣ ಚೀರಾಟ ಕೇಳಿಸಿತು.

ಮೊಮ್ಮಗಳು ಗೂಡು ಬಿಚ್ಚಿ ನೋಡಲು ಹೊರಟಾಗ ನಮ್ಮ ಮನೆಯವರು ತಡೆದು, “ಬಾಣಂತಿ ಖೋಲಿಗೆ ಯಾರೂ ಹೋಗಬ್ಯಾಡ್ರಿ” ಎಂದರು. ಪ್ರಾಣಿಶಾಸ್ತ್ರ ಓದದ ಬಾಯಿಂದ ಬಂದ ಈ ಮಾತನ್ನೇ ಪಶುವೈದ್ಯರು ಮಧ್ಯಾಹ್ನ ವಿವರವಾಗಿ ಹೇಳಿದರು. ಹೆತ್ತ ಹ್ಯಾಮ್‌ಸ್ಟರಿನ ಗೂಡನ್ನು ಕೆದಕಿದರೆ, ಮರಿಗಳನ್ನು ಮುಟ್ಟಿದರೆ, ಗದ್ದಲದಿಂದ ಬೆದರಿಸಿದರೆ ತಾಯಿ ತನ್ನ ಮರಿಗಳನ್ನೇ ಕೊಂದು ತಿನ್ನುವುದುಂಟು. ಆದುದರಿಂದ ಮೊದಲ ಎರಡು ವಾರ ಪಂಜರವನ್ನು ಶುಚಿಗೊಳಿಸುವಂತಿಲ್ಲ. ಸದ್ದಿಲ್ಲದೆ ನೀರು, ಕಾಳು ಇಟ್ಟು ಹಿಂದೆ ಸರಿಯಬೇಕು. ಹಾಲೂಡುವ ತಾಯಿಗೆ ಸಸಾರಜನಕ ಹೆಚ್ಚು ಬೇಕು. ಬೇಯಿಸಿದ ಮೊಟ್ಟೆಯ ಚೂರು ಕೊಡುವುದು ವಾಡಿಕೆ. ಮೊಟ್ಟೆ ತಾರದ ಮನೆ ನಮ್ಮದಾದುದರಿಂದ ಜೋಳ, ಸಜ್ಜೆಗಳ ಜೊತೆಗೆ ಮೊಳಕೆ ಬರಿಸಿದ ಹೆಸರುಕಾಳು, ಉಪ್ಪಿಲ್ಲದ ಪನೀರಿನ ತುಣುಕು ಇಟ್ಟೆವು.

ತಾಯಿಯ ಈ ಅಂಜಿಕೆ ಅದರ ಕುಲದ ಚರಿತ್ರೆಯಲ್ಲಿಯೇ ಇದೆ. 1930ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಅವರು ಸಿರಿಯಾದ ಅಲೆಪ್ಪೊ ಪಟ್ಟಣದ ಸಮೀಪದ ಗೋದಿಯ ಹೊಲವೊಂದನ್ನು ಅಗೆಸಿ, ಬಿಲದಿಂದ ಒಂದು ತಾಯಿಯನ್ನೂ 11 ಮರಿಗಳನ್ನೂ ಹೊರತೆಗೆದರು. ಪೆಟ್ಟಿಗೆಯಲ್ಲಿಟ್ಟ ಕೂಡಲೇ ಬೆದರಿದ ತಾಯಿ ಒಂದು ಮರಿಯನ್ನು ಕಚ್ಚಿ ಕೊಂದಿತು. ಈ ಪ್ರಾಣಿಗಳನ್ನು ಬಯಸಿದವರು ಲೀಶ್ಮೇನಿಯಾಸಿಸ್ ರೋಗವನ್ನು ಅಭ್ಯಸಿಸುತ್ತಿದ್ದ ಸಾಲ್ ಆಡ್ಲರ್. ನಮ್ಮ ದೇಶದ ಬಿಹಾರ, ಬಂಗಾಳ, ಅಸ್ಸಾಮುಗಳನ್ನು ಕಾಡಿದ ಕಾಲಾ ಅಜಾರ್ ಆ ರೋಗದ ಒಂದು ರೂಪವೇ. ಬದುಕುಳಿದ ಬೆರಳೆಣಿಕೆಯ ಮರಿಗಳಿಂದಲೇ ವಂಶ ಬೆಳೆಯಿತು. ಮರುವರ್ಷ ಇಂಗ್ಲೆಂಡಿಗೂ ಹೋಯಿತು. ಇಂದು ಲೋಕದ ಮನೆಮನೆಗಳಲ್ಲಿರುವ ಸಿರಿಯನ್ ಹ್ಯಾಮ್‌ಸ್ಟರುಗಳಲ್ಲಿ ಬಹುತೇಕ ಎಲ್ಲವೂ ಆ ಒಂದು ಬಿಲದ ಸಂತಾನ. ತವರಿನ ಹೊಲಗಳಲ್ಲಿ ಮಾತ್ರ ಅದು ಈಗ ಅಳಿವಿನಂಚಿನ ಪ್ರಾಣಿ.

ಮತ್ತೆ ಮರಿಗಳ ಸಂಗತಿಗೆ ಬರೋಣ. ಹ್ಯಾಮ್‌ಸ್ಟರಿನ ಗರ್ಭಾವಧಿ ಕೇವಲ 16 ದಿನ. ಮರಿಗಳು ಹುಟ್ಟುವಾಗ ಕೂದಲಿಲ್ಲದೆ, ಕಣ್ಣು ಕಿವಿ ಮುಚ್ಚಿಕೊಂಡು, ಎರಡು ಮೂರು ಗ್ರಾಂ ತೂಗುತ್ತವೆ. ಮೊದಲ ವಾರ ಮುಗಿಯುವಷ್ಟರಲ್ಲಿ ರೋಮ ಮೂಡುತ್ತದೆ. ಹತ್ತು ದಿನಗಳ ಸುಮಾರಿಗೆ, ಕಣ್ಣು ತೆರೆಯುವ ಮುಂಚೆಯೇ, ತಡವರಿಸುತ್ತ ಬಂದು ಕಾಳಿಗೆ ಬಾಯಿ ಹಾಕುತ್ತವೆ. ಕಣ್ಣು ತೆರೆಯುವುದು ಎರಡು ವಾರಕ್ಕೆ. ನಾವು ಮರಿಗಳನ್ನು ಎಣಿಸಿದ್ದು ಅವು ತಾವಾಗಿಯೇ ಹೊರಬಂದ ಹನ್ನೆರಡನೆಯ ದಿನ. ಎಂಟು ಇದ್ದವು. ನೀರಿನ ಶೀಶೆಯನ್ನು ಅವುಗಳ ಬಾಯಿಗೆ ನಿಲುಕುವಷ್ಟು ಕೆಳಗಿಳಿಸಿ ಕಟ್ಟಿದೆವು. ದಾರಿತಪ್ಪಿದ ಮರಿಯನ್ನು ತಾಯಿ ಬಾಯಲ್ಲಿ ಕಚ್ಚಿಕೊಂಡು ಗೂಡಿಗೆ ಮರಳಿಸುವುದನ್ನು ಮೊಮ್ಮಗಳು ಕೈಕಟ್ಟಿ ಕುಳಿತು ನೋಡುತ್ತಿದ್ದಳು.

ಸಂತೋಷದ ಈ ದಿನಗಳು ಬಹಳ ಕಡಿಮೆ. ಮೂರು ನಾಲ್ಕು ವಾರಗಳಲ್ಲಿ ಹಾಲು ಬಿಡುತ್ತವೆ. ಐದಾರು ವಾರಗಳಲ್ಲಿ ಪ್ರಾಯಕ್ಕೆ ಬರುತ್ತವೆ. ಅಣ್ಣ ತಂಗಿಯೆಂಬ ಅರಿವು ಅವಕ್ಕಿಲ್ಲ. ಎಂಟರಲ್ಲಿ ನಾಲ್ಕು ಹೆಣ್ಣಾಗಿ, ಒಂದೊಂದೂ ಎಂಟೆಂಟು ಹೆತ್ತರೆ, ಮರಿಗಳು ಹುಟ್ಟಿದ ಎರಡೂವರೆ ತಿಂಗಳೊಳಗೆ ಮನೆಯಲ್ಲಿ ಇನ್ನೂ 32 ಮರಿಗಳು. ಆದುದರಿಂದ ನಾಲ್ಕು ವಾರ ತುಂಬುವುದರೊಳಗೆ ಗಂಡು ಹೆಣ್ಣುಗಳನ್ನು ಬೇರ್ಪಡಿಸಲೇಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ. ಸಿರಿಯನ್ ಹ್ಯಾಮ್‌ಸ್ಟರ್ ಒಂಟಿಜೀವಿ. ಅಲೆಪ್ಪೊದ ಹೊಲಗಳಲ್ಲಿ ಸಂಶೋಧಕರು ಅಗೆದು ನೋಡಿದ ಬಿಲಗಳಲ್ಲಿ ಒಂದೊಂದರಲ್ಲಿ ಒಂದೇ ಬೆಳೆದ ಪ್ರಾಣಿ ಇತ್ತು. ಪ್ರಾಯ ಬಂದ ಎರಡನ್ನು ಒಟ್ಟಿಗಿಟ್ಟರೆ ರಕ್ತ ಹರಿಯುವವರೆಗೆ ಕಾದಾಡುತ್ತವೆ. ಕೆಲವೊಮ್ಮೆ ಒಂದು ಸಾಯುತ್ತದೆ. ಎಂದರೆ ಎಂಟು ಮರಿಗಳಿಗೆ ಎಂಟು ಮನೆ.

ಆ ಮನೆ ಎಂಥದಿರಬೇಕು? ಅಂಗಡಿಗಳಲ್ಲಿ ಮಾರುವ ಬಣ್ಣದ ಪುಟ್ಟ ಪಂಜರ ಸಾಲದು. ಕಡೆಯ ಪಕ್ಷ 100 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲದ ನೆಲ ಬೇಕು. ಕಾಡಿನಲ್ಲಿ ಅವುಗಳ ಬಿಲ ಸರಾಸರಿ 65 ಸೆಂ.ಮೀ. ಆಳವಿರುತ್ತದೆ. ಸ್ವಿಟ್ಜರ್ಲೆಂಡಿನ ಸಂಶೋಧಕರು 10, 40 ಮತ್ತು 80 ಸೆಂ.ಮೀ. ದಪ್ಪದ ಹಾಸುಗಳಲ್ಲಿ ಇವನ್ನು ಇಟ್ಟು ನೋಡಿದಾಗ, ತೆಳು ಹಾಸಿನವು ಪಂಜರದ ಸರಳನ್ನು ಹೆಚ್ಚಾಗಿ ಕಡಿಯುತ್ತಿದ್ದವು. ಅದು ಆಟವಲ್ಲ, ಸಂಕಟ. ಬಿಲ ತೋಡುವಷ್ಟು ಕಾಗದದ ಚೂರು ಅಥವಾ ಸುವಾಸನೆಯಿಲ್ಲದ ಮರದ ಹೊಟ್ಟು ಹಾಸಬೇಕು. ಗೂಡಿಗೆ ಹತ್ತಿ ಇಡಬಾರದು. ಎಳೆ ಕಾಲಿಗೆ ಸುತ್ತಿಕೊಳ್ಳುತ್ತದೆ, ನುಂಗಿದರೆ ಹೊಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಓಡುವ ಚಕ್ರ ಬೆನ್ನು ಬಾಗದಷ್ಟು ದೊಡ್ಡದಾಗಿ, ಕಾಲು ಸಿಕ್ಕದಂತೆ ಸಂದಿಲ್ಲದ್ದಾಗಿರಬೇಕು. ನಾವು ಬಡಿಗನನ್ನು ಕರೆಸಿ ಹಳೆಯ ಪುಸ್ತಕದ ಕಪಾಟುಗಳನ್ನು ಅಡ್ಡ ಮಲಗಿಸಿ, ಜಾಳಿಗೆಯ ಮುಚ್ಚಳ ಹಚ್ಚಿಸಿದೆವು. ತಾಯಿ ಮಕ್ಕಳಿಗೆಂದು ಒಂಬತ್ತು ಪೆಟ್ಟಿಗೆಗಳನ್ನು ನೆಲಕ್ಕಿಟ್ಟರೆ ನಾಲ್ಕೂವರೆ ಚದರ ಮೀಟರು. ನಮ್ಮ ನಡುಮನೆಯಲ್ಲಿ ಮನುಷ್ಯರು ಕೂಡಲು ಜಾಗವಿರಲಿಲ್ಲ.

ಮರಿಗಳಿಗೆ ಮನೆ ಹುಡುಕುವ ಕಾರ್ಯ ಕನ್ಯೆಗೆ ವರ ಹುಡುಕಿದಷ್ಟೇ ಆಯಿತು. ಕೇಳಿದವರೆಲ್ಲರ ಮನೆಗೆ ಹೋಗಿ ಪೆಟ್ಟಿಗೆ ಸಿದ್ಧವಿದೆಯೇ ಎಂದು ನೋಡಿ ಬಂದೆವು. ನಮಗೆ ಬಹುಕಾಲದಿಂದ ಬೇಕಾದವರೊಬ್ಬರು, “ಜೋಡಿ ಕೊಡಿರಿ, ಮಕ್ಕಳಿಗೆ ಮರಿ ನೋಡುವ ಆಸೆ” ಎಂದರು. ಒಡಹುಟ್ಟಿದವುಗಳ ಜೋಡಿ ಕೊಡುವುದಿಲ್ಲ, ಒಂದನ್ನು ಒಯ್ಯಿರಿ ಎಂದೆವು. ಇಲಿಯಂತಹ ಪ್ರಾಣಿಗೆ ಇಷ್ಟೊಂದು ನಿಯಮವೇ ಎಂದು ಮುನಿಸಿಕೊಂಡು ಹೋದವರು ಕೆಲವು ತಿಂಗಳು ಮಾತು ಬಿಟ್ಟರು. ನಮಗೆ ನೋವಾಯಿತು, ಆದರೆ ಮರಿಗಳ ಪರವಾಗಿ ಮಾತಾಡಲು ನಮ್ಮನ್ನು ಬಿಟ್ಟರೆ ಬೇರೆ ಯಾರಿದ್ದರು? ಐದು ಮರಿಗಳು ಒಳ್ಳೆಯ ಮನೆ ಸೇರಿದವು. ಉಳಿದ ಮೂರು ನಮ್ಮಲ್ಲಿಯೇ ಉಳಿದು, ಮೂರು ಬೇರೆ ಪೆಟ್ಟಿಗೆಗಳಲ್ಲಿ ತಮ್ಮ ಆಯುಷ್ಯವನ್ನು ಕಳೆದವು. ಆ ಆಯುಷ್ಯ ಎರಡು, ಎರಡೂವರೆ ವರ್ಷವಷ್ಟೇ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿರಬೇಕು.

ಬೇಕೆಂದೇ ಮರಿ ಮಾಡಿಸುವವರೂ ಉಂಟು. ಅವರ ಹೊಣೆ ಇನ್ನೂ ದೊಡ್ಡದು. ಹೆಣ್ಣಿಗೆ ನಾಲ್ಕು ತಿಂಗಳಾದರೂ ತುಂಬಿರಬೇಕು. ನಾಲ್ಕು ದಿನಗಳಿಗೊಮ್ಮೆ ಸಂಜೆಯ ಹೊತ್ತಿಗೆ ಅದು ಬೆದೆಗೆ ಬರುತ್ತದೆ; ಆಗ ಮಾತ್ರ ಗಂಡಿನ ಬಳಿ ಬಿಟ್ಟು, ದಪ್ಪ ಕೈಗವಸು ತೊಟ್ಟು ಪಕ್ಕದಲ್ಲಿಯೇ ಕುಳಿತು, ಕೂಡಿದ ಬಳಿಕ ಬೇರೆ ಮಾಡಬೇಕು. ತಂದೆತಾಯಿಗಳ ವಂಶ ಗೊತ್ತಿರಬೇಕು. ಬಿಳಿ ಹೊಟ್ಟೆಯ ಅಥವಾ ರೋನ್ ಎಂಬ ನರೆತ ಬಣ್ಣದ ಕೆಲವು ಹ್ಯಾಮ್‌ಸ್ಟರುಗಳಲ್ಲಿ ಒಂದು ವಂಶಗುಣವಿದೆ. ಅಂಥ ಎರಡನ್ನು ಕೂಡಿಸಿದರೆ ಕೆಲವು ಮರಿಗಳು ಕಣ್ಣುಗಳೇ ಇಲ್ಲದೆ ಹುಟ್ಟುತ್ತವೆ. ಅಂಗಡಿಯಿಂದ ತಂದ ಪ್ರಾಣಿಯ ಅಜ್ಜ ಅಜ್ಜಿ ಯಾರೆಂದು ಯಾರೂ ಹೇಳಲಾರರು. ಆದುದರಿಂದ ಅದರಿಂದ ಮರಿ ಮಾಡಿಸದಿರುವುದೇ ಧರ್ಮ. ಕೊಳ್ಳುವಾಗಲೂ ವಿಚಾರಿಸಬೇಕು. ಸಾಕುಪ್ರಾಣಿ ಅಂಗಡಿಗಳಿಗಾಗಿ ಭಾರತ ಸರಕಾರ 2018ರಲ್ಲಿ ಹೊರಡಿಸಿದ ನಿಯಮಗಳಲ್ಲಿ ಹ್ಯಾಮ್‌ಸ್ಟರಿನ ಹೆಸರೂ ಇದೆ. ಅಂಗಡಿ ರಾಜ್ಯದ ಪ್ರಾಣಿಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿರಬೇಕು.

ಊರಿನ ಹವೆಯ ಬಗ್ಗೆ ಒಂದು ಮಾತು. ನಮ್ಮ ಸೊಲ್ಲಾಪುರದಲ್ಲಿ ಚೈತ್ರ ವೈಶಾಖಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಈ ಪ್ರಾಣಿಗೆ 30 ದಾಟಿದರೇ ಕಷ್ಟ. ಬೇಸಿಗೆಯಲ್ಲಿ ನಾವು ಪೆಟ್ಟಿಗೆಗಳನ್ನು ಮನೆಯ ತಂಪಾದ ಮೂಲೆಗೆ ಸರಿಸಿ, ಮಣ್ಣಿನ ಕುಡಿಕೆಗಳನ್ನು ಅಡ್ಡ ಮಲಗಿಸಿ ಇಡುತ್ತಿದ್ದೆವು. ಅವು ಅದರೊಳಗೆ ಹೊಟ್ಟೆ ಚಾಚಿ ಮಲಗುತ್ತಿದ್ದವು. ನೀಲಗಿರಿಯ ಕನ್ನಡ ಬಂಧುಗಳ ಚಿಂತೆ ಇದಕ್ಕೆ ವಿರುದ್ಧ. ಅತಿ ಚಳಿಯಲ್ಲಿ ಹ್ಯಾಮ್‌ಸ್ಟರ್ ಮೈ ತಣ್ಣಗಾಗಿ ಜಡನಿದ್ರೆಗೆ ಇಳಿಯುವುದುಂಟು. ಸತ್ತಿತೆಂದು ಮಣ್ಣು ಮಾಡುವ ಮುನ್ನ ಮೆಲ್ಲಗೆ ಬೆಚ್ಚಗೆ ಮಾಡಿ, ವೈದ್ಯರಿಗೆ ತೋರಿಸಬೇಕು.

ಈ ಪುಸ್ತಕವನ್ನು ಮನೆಗೆ ಒಯ್ಯುವ ತಂದೆತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟೇ. ಮಗು ಹ್ಯಾಮ್‌ಸ್ಟರ್ ಬೇಕೆಂದರೆ ಒಂದನ್ನೇ ತನ್ನಿರಿ, ಪೆಟ್ಟಿಗೆಯನ್ನು ಅದಕ್ಕಿಂತ ಮೊದಲು ತನ್ನಿರಿ. ಮರಿ ಬೇಕೆಂದು ಕೇಳಿದರೆ ಒಂದು ಹಾಳೆ ಕೊಟ್ಟು, ಮರಿಗಳನ್ನು ಒಯ್ಯುವ ಎಂಟು ಮನೆಗಳ ಹೆಸರು ಬರೆಯಲು ಹೇಳಿರಿ. ನಮ್ಮ ಮೊಮ್ಮಗಳು ಆ ಹಾಳೆಯಲ್ಲಿ ಮೂರು ಹೆಸರು ಬರೆದು, ಬಹಳ ಹೊತ್ತು ಯೋಚಿಸಿ, ‘ಸಾಕು’ ಎಂದಳು.