ಎರಡೂ ಒಂದೇ ತಾನೇ?

ಹಳೇ ಪಾರ್ಸರಿನ ಸ್ಟ್ಯಾಕ್ ಕಿತ್ತು ಕೌಂಟರ್ ಹಾಕಿದ್ದೆ. ಬ್ರಾಕೆಟ್ ತೆರೆದ್ರೆ ಒಂದು ಕೂಡು, ಮುಚ್ಚಿದ್ರೆ ಕಳೆ, ಅಷ್ಟೇ! "ಎರಡೂ ಒಂದೇ ತಾನೇ?" ಅಂದ್ರು ಮ್ಯಾನೇಜರ್. ಟೆಸ್ಟೆಲ್ಲ ಪಾಸಾಗಿತ್ತಲ್ಲ, "ಹೂಂ" ಅಂದೆ. ರಾತ್ರಿ ಎರಡಕ್ಕೆ ಫೋನು.. ( ತೆರೆದು ] ಮುಚ್ಚಿದ್ದನ್ನೂ ನನ್ನ ಕೋಡು ಸರಿ ಅಂದಿತ್ತು. ಎಷ್ಟು ತೆರೆದಿವೆ ಅಂತ ಕೌಂಟರಿಗೆ ಗೊತ್ತು. ಯಾವುದು ಅಂತ ಸ್ಟ್ಯಾಕಿಗೆ ಮಾತ್ರ.

ಸ್ಥಿತಿಗಳೇ ಮುಗಿಯದ ಯಂತ್ರಗಳನ್ನ ಟೆಸ್ಟ್ ಮಾಡಿ ಮುಗಿಸೋಕಾಗಲ್ಲ. ಪ್ರತಿ ಹೆಜ್ಜೆಗೂ ಒಂದೇ ದಾರಿ, ಒಂದೇ ಕೌಂಟರ್ ಇದ್ರೆ ಪಾಲಿನಾಮಿಯಲ್ ಟೈಮಲ್ಲಿ ಹೋಲಿಸಬಹುದು ಅನ್ನೋದು 2013ರಲ್ಲಿ ಪಕ್ಕಾ ಆಯ್ತು. ಸ್ಟ್ಯಾಕ್ ಇದ್ರೆ? 1966ರ ಆ ಪ್ರಶ್ನೆಗೆ 'ಹೋಲಿಸಬಹುದು' ಅಂತ ಸೆನಿಜೆರ್ಗ್ ಸಾಧಿಸಿದ್ದು 1997ರಲ್ಲಿ. 2002ರಲ್ಲಿ ಗೋಡೆಲ್ ಪ್ರಶಸ್ತಿ ಬಂತು. ಸ್ಟ್ಯಾಕಿನ ಜೊತೆ ಹಲವು ದಾರಿಗಳ ಆಯ್ಕೆಯೂ ಇದ್ರೆ ಯಾವ ಪ್ರೋಗ್ರಾಮಿನಿಂದಲೂ ಆಗದು.

31 ವರ್ಷ ಕಾದ ಪ್ರಶ್ನೆಗೆ ನಾನು ಎರಡೇ ಸೆಕೆಂಡಲ್ಲಿ "ಹೂಂ" ಅಂದಿದ್ದೆ :) ನೀವೂ ಹೀಗೆ ಸಿಕ್ಕಿಹಾಕಿಕೊಂಡಿದ್ದುಂಟಾ?